ಶಕುನ ಓದುವ ಹಕ್ಕು ಯಾರದು? ರೋಮ್ ಚಕ್ರವರ್ತಿಗಳ ದೈವಬಲದ ಬಗ್ಗೆ ಒಂದು ಚರ್ಚೆ

ತಾಮ್ರಪಟ:
ರೋಮ್ ಏಕೆ ಬಿತ್ತು ಎಂಬ ಹಿಂದಿನ ಚರ್ಚೆಯಲ್ಲಿ ಒಬ್ಬರು "ದೇವರ ಮೇಲೆ ಭಾರ ಹಾಕಿ ಕುಳಿತರು, ಬಿದ್ದರು" ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡರು. ಅದು ನನಗೆ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿದೆ, ಅದಕ್ಕೇ ಹೊಸದಾಗಿ ಶುರು ಮಾಡುತ್ತಿದ್ದೇನೆ.

ರೋಮನ್ನರು ದೇವರ ಮೇಲೆ ಭಾರ ಹಾಕಿ ಕೂರುವ ಜನವಲ್ಲ. ಅವರದು ಲೇವಾದೇವಿ. ಇಷ್ಟು ಬಲಿ, ಇಷ್ಟು ಗೆಲುವು. ದೇವತೆಗಳೊಂದಿಗಿನ ಈ ಹೊಂದಾಣಿಕೆಗೆ ಲ್ಯಾಟಿನ್‌ನಲ್ಲಿ ಪಾಕ್ಸ್ ದೇಓರುಮ್ ಎಂದು ಹೆಸರು. ಹೊಂದಾಣಿಕೆ ಕೆಟ್ಟಿದೆ ಎಂಬ ಸುಳಿವು ಶಕುನಗಳಲ್ಲಿ ಸಿಗುತ್ತಿತ್ತು. ಆದರೆ ಗಮನಿಸಿ: ಚಕ್ರವರ್ತಿಗಳಿಗೆ ಮೊದಲಿನ ಗಣರಾಜ್ಯದ ಕಾಲದಲ್ಲಿ ಎಲ್ಲೋ ಕಲ್ಲಿನ ಮಳೆ ಸುರಿಯಿತು, ಎತ್ತು ಮಾತನಾಡಿತು ಎಂದು ಯಾರಾದರೂ ಬಂದು ಹೇಳಿದರೆ ಅದು ತಾನಾಗಿ ಶಕುನವಾಗುತ್ತಿರಲಿಲ್ಲ. ಹಿರಿಯರ ಸಭೆಯಾದ ಸೆನೆಟ್ ಕುಳಿತು, ಸಾಕ್ಷಿ ಕೇಳಿ, "ಇದನ್ನು ಸ್ವೀಕರಿಸಿದ್ದೇವೆ" ಎಂದರೆ ಮಾತ್ರ ಶಕುನ. ಆಮೇಲೆ ಪುರೋಹಿತರ ಮಂಡಳಿಗೋ, ಬಲಿಪಶುವಿನ ಯಕೃತ್ತು ನೋಡಿ ಫಲ ಹೇಳುವ, ರೋಮ್‌ನ ಉತ್ತರಕ್ಕಿರುವ ಎಟ್ರೂರಿಯಾದ ಹರುಸ್ಪೆಕ್ಸ್‌ಗಳಿಗೋ ಕಡತ ರವಾನೆ. ಆಕಾಶವೂ ಕಚೇರಿಯ ಮೂಲಕವೇ ಮಾತನಾಡಬೇಕಿತ್ತು.

ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನದ ಬಳಿ ನೌಕಾಯುದ್ಧಕ್ಕೆ ಮುನ್ನ ಪವಿತ್ರ ಕೋಳಿಗಳಿಗೆ ಕಾಳು ಹಾಕಿದರು. ತಿಂದರೆ ಶುಭಶಕುನ, ಅವು ಮುಟ್ಟಲಿಲ್ಲ. ದಳಪತಿ ಪೂಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ "ತಿನ್ನದಿದ್ದರೆ ಕುಡಿಯಲಿ" ಎಂದು ಅವನ್ನು ಸಮುದ್ರಕ್ಕೆ ಎಸೆಸಿದನಂತೆ. 93 ಹಡಗು ಹೋದವು, ಅವನು ರೋಮ್‌ಗೆ ಹಿಂದಿರುಗಿ ದಂಡ ತೆತ್ತ. ಸೋತ ದಳಪತಿಗಳು ರೋಮ್‌ನಲ್ಲಿ ಬೇಕಾದಷ್ಟಿದ್ದರು, ಆದರೆ ಕೋಳಿಯ ಕಾರಣಕ್ಕೆ ನೆನಪಿನಲ್ಲಿ ಉಳಿದವನು ಇವನೊಬ್ಬನೇ.

ನನ್ನ ವಾದ ಇಷ್ಟು: ಚಕ್ರವರ್ತಿಯ ಬಲ ದೇವರ ಕೃಪೆಯಲ್ಲಿ ಇರಲಿಲ್ಲ, ಆ ಕೃಪೆ ಯಾರ ಕಡೆಗಿದೆ ಎಂದು ಹೇಳುವ ಹಕ್ಕಿನಲ್ಲಿತ್ತು. ಮೊದಲ ಚಕ್ರವರ್ತಿ ಆಗಸ್ಟಸ್ ಆ ಹಕ್ಕನ್ನು ಸೆನೆಟ್‌ನಿಂದ ಕಸಿದ. ನಾಲ್ಕು ಶತಮಾನಗಳ ನಂತರ ಅದು ಇನ್ನೊಬ್ಬರ ಕೈ ಸೇರಿತು. ಪಶ್ಚಿಮದಲ್ಲಿ ಸಿಂಹಾಸನ ಟೊಳ್ಳಾದದ್ದು ಅಲ್ಲಿಂದ. ಒಪ್ಪದವರು ಬನ್ನಿ.

ಲೆಕ್ಕದಪುಸ್ತಕ:
ಒಪ್ಪದವನು ಬಂದಿದ್ದೇನೆ. ಸೈನಿಕರಿಗೆ ಸಂಬಳ ಕೊಡಲು ಬೆಳ್ಳಿ ಇದ್ದಾಗ ದೇವರು ಇದ್ದ, ಬೆಳ್ಳಿ ಮುಗಿದಾಗ ದೇವರು ಹೋದ. ಆಗಸ್ಟಸ್‌ನ ದಿನಾರ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಕ್ರಿ.ಶ. 260ರ ದಶಕದಲ್ಲಿ ಚಕ್ರವರ್ತಿ ಗ್ಯಾಲಿಯೇನಸ್ ಹೊರಡಿಸಿದ ನಾಣ್ಯದಲ್ಲಿ ಬೆಳ್ಳಿ ಶೇಕಡ 5ಕ್ಕಿಂತ ಕಡಿಮೆಗೆ ಇಳಿಯಿತು, ಉಳಿದದ್ದು ತಾಮ್ರ. ಅದೇ ನಾಣ್ಯಗಳ ಮೇಲೆ ದೇವತೆಗಳ ಚಿತ್ರ ಮಾತ್ರ ಸಾಲುಸಾಲು. ಬಲ ಕಡಿಮೆಯಾದಷ್ಟೂ ಬಿರುದು ಹೆಚ್ಚು. ಉಳಿದದ್ದು ಅಲಂಕಾರ.

ಬೆಳ್ಳಿಕಾಸು:
ಲೆಕ್ಕದಪುಸ್ತಕ ಅವರೇ, ಅಂಕಿ ಸರಿ. ಆದರೆ ಅಲಂಕಾರ ಎಂದದ್ದು ನಾಣ್ಯ ಕೂಡಿಡುವ ನನ್ನಂಥವನಿಗೆ ಸ್ವಲ್ಪ ಚುಚ್ಚಿತು.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಬಹಳ ಸಾಮಾನ್ಯವಾದದ್ದು ಆಗಸ್ಟಸ್ ನಂತರದ ಚಕ್ರವರ್ತಿ ಟೈಬೀರಿಯಸ್‌ನ ಒಂದು ನಮೂನೆ. ಮುಂಬದಿಯಲ್ಲಿ ಅವನ ಮುಖ, ಸುತ್ತ ಬರಹ: "ಟೈಬೀರಿಯಸ್ ಸೀಸರ್, ದೈವತ್ವ ಪಡೆದ ಆಗಸ್ಟಸ್‌ನ ಮಗ, ಆಗಸ್ಟಸ್". ಹಿಂಬದಿಯಲ್ಲಿ ಕುಳಿತ ಹೆಂಗಸು, ಪಕ್ಕದಲ್ಲಿ "ಪೊಂಟಿಫ್ ಮ್ಯಾಕ್ಸಿಮ್", ಅಂದರೆ ಮಹಾ ಪುರೋಹಿತ. ಉಗುರಿನಷ್ಟು ಅಗಲದ ಬಿಲ್ಲೆಯಲ್ಲಿ ಇರುವ ಜಾಗವೇ ಅಷ್ಟು. ಅದರಲ್ಲಿ ಅವನು ಹೇಳಿಕೊಂಡದ್ದು ಎರಡೇ: ನಾನು ದೇವರ ಮಗ, ಪೂಜೆಯ ಯಜಮಾನಿಕೆ ನನ್ನದು. ಗೆದ್ದ ಯುದ್ಧದ ಮಾತೇ ಇಲ್ಲ. ಬರಿಯ ಅಲಂಕಾರವಾಗಿದ್ದರೆ ಸಂಬಳದ ದುಡ್ಡಿನ ಮೇಲೆ ಅದನ್ನೇ ವರ್ಷಗಟ್ಟಲೆ ಅಚ್ಚು ಹಾಕಿಸುತ್ತಿದ್ದನೇ?

ತಮಾಷೆಯೆಂದರೆ ನಮ್ಮ ಕಡೆಯ ವ್ಯಾಪಾರಿಗಳಿಗೆ ಅವನ ಅಪ್ಪ ದೇವರೋ ದೆವ್ವವೋ ಬೇಕಿರಲಿಲ್ಲ. ಬೆಳ್ಳಿ ಶುದ್ಧವಿದೆಯೇ ಎಂದು ನೋಡಿ ತೆಗೆದುಕೊಂಡರು.

ಲೆಕ್ಕದಪುಸ್ತಕ:
ಕೊನೆಯ ಸಾಲಿನಲ್ಲಿ ನನ್ನ ವಾದವನ್ನು ನೀವೇ ಗೆಲ್ಲಿಸಿಕೊಟ್ಟಿರಿ. ವಂದನೆಗಳು.

ಹೊಸಓದುಗ:
ಎಲ್ಲರಿಗೂ ನಮಸ್ಕಾರ. "ದೇವರ ಮಗ" ಎನ್ನುವುದನ್ನು ಅಂದಿನ ಜನ ನಿಜವಾಗಿಯೂ ನಂಬಿದ್ದರೇ?

ತಾಮ್ರಪಟ:
ಒಳ್ಳೆಯ ಪ್ರಶ್ನೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಕೊಲೆಯಾದ. ಅದೇ ಜುಲೈನಲ್ಲಿ ಅವನ ದತ್ತುಮಗ ಆಕ್ಟೇವಿಯನ್, ಮುಂದೆ ಆಗಸ್ಟಸ್ ಎನಿಸಿಕೊಂಡ 18ರ ಹುಡುಗ, ಸೀಸರನ ಹೆಸರಿನಲ್ಲಿ ಕ್ರೀಡೋತ್ಸವ ನಡೆಸಿದ. ಆಗ ಏಳು ದಿನ ಧೂಮಕೇತು ಕಾಣಿಸಿತು. ಧೂಮಕೇತು ರೋಮನ್ನರಿಗೂ ಅನಿಷ್ಟವೇ. ಆದರೆ ಇದು ಸ್ವರ್ಗಕ್ಕೆ ಏರುತ್ತಿರುವ ಸೀಸರನ ಆತ್ಮ ಎಂಬ ಮಾತು ಹರಡಿತು, ಹುಡುಗ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಎರಡು ವರ್ಷಗಳಲ್ಲಿ ಸೆನೆಟ್ ಸೀಸರನನ್ನು ಅಧಿಕೃತವಾಗಿ ದೇವರೆಂದಿತು, ಇವನು ತಾನಾಗಿ ದೇವರ ಮಗನಾದ.

ಕ್ರಿ.ಪೂ. 12ರಲ್ಲಿ ಮಹಾ ಪುರೋಹಿತನ ಪದವಿಯೂ ಸಿಕ್ಕಿತು. ಕೂಡಲೇ ಮಾಡಿದ್ದೇನು ಗೊತ್ತೇ? ಊರಲ್ಲಿ ಓಡಾಡುತ್ತಿದ್ದ ಭವಿಷ್ಯದ ಪುಸ್ತಕಗಳನ್ನೆಲ್ಲ ತರಿಸಿ, ಎರಡು ಸಾವಿರಕ್ಕೂ ಹೆಚ್ಚನ್ನು ಸುಡಿಸಿದ. ಸಿಬಿಲ್ ಎಂಬ ಪ್ರವಾದಿನಿಯ ವಾಣಿಯನ್ನು ಮಾತ್ರ, ಅದನ್ನೂ ಆರಿಸಿ ತೆಗೆದು, ಎರಡು ಚಿನ್ನದ ಲೇಪದ ಪೆಟ್ಟಿಗೆಗಳಲ್ಲಿ ಪ್ಯಾಲಟೈನ್ ಗುಡ್ಡದ ಅಪೋಲೊ ವಿಗ್ರಹದ ಪೀಠದಡಿ ಇಡಿಸಿದ. ಅವನ ಮನೆಯೂ ಆ ದೇವಾಲಯದ ಪಕ್ಕದಲ್ಲೇ. ಭವಿಷ್ಯ ಇನ್ನು ಮುಂದೆ ಅವನ ಹಿತ್ತಲಿನಲ್ಲಿತ್ತು ಅನ್ನಿ.

ನಂಬಿದ್ದರೇ ಎಂದಿರಿ. ಕ್ರಿ.ಶ. 14ರಲ್ಲಿ ಆಗಸ್ಟಸ್ ಸತ್ತಾಗ ನುಮೇರಿಯಸ್ ಅಟ್ಟಿಕಸ್ ಎಂಬ ಮಾಜಿ ಅಧಿಕಾರಿ, ಚಕ್ರವರ್ತಿ ಸ್ವರ್ಗಕ್ಕೆ ಏರುವುದನ್ನು ಕಣ್ಣಾರೆ ಕಂಡೆ ಎಂದು ಪ್ರಮಾಣ ಮಾಡಿದ. ವಿಧವೆ ಲಿವಿಯಾ ಅವನಿಗೆ ಹತ್ತು ಲಕ್ಷ ಸೆಸ್ಟರ್ಸ್ ಕೊಟ್ಟಳು. ಸಾಮಾನ್ಯ ಸೈನಿಕನ ವಾರ್ಷಿಕ ಸಂಬಳ ಆಗ 900 ಸೆಸ್ಟರ್ಸ್. ಲೆಕ್ಕದಪುಸ್ತಕ ಅವರು ಭಾಗಿಸಿಕೊಳ್ಳಲಿ.

ಲೆಕ್ಕದಪುಸ್ತಕ:
1,111 ವರ್ಷಗಳ ಸಂಬಳ. ಇಂಥ ಸಾಕ್ಷಿ ಹೇಳಲು ನಾನೂ ಸಿದ್ಧ.

ಮಲ್ಲಿಗೆಬಳ್ಳಿ:
ನಗುವುದು ಸುಲಭ, ರೋಮನ್ನರೂ ನಗುತ್ತಿದ್ದರು. ಸಾಯುವ ಹೊತ್ತಿನಲ್ಲಿ ಚಕ್ರವರ್ತಿ ವೆಸ್ಪೇಸಿಯನ್ "ಅಯ್ಯೋ, ನಾನು ದೇವರಾಗುತ್ತಿದ್ದೇನೆ ಅನ್ನಿಸುತ್ತಿದೆ" ಎಂದನಂತೆ. ಆದರೂ ಅದೇ ವೆಸ್ಪೇಸಿಯನ್ ಸಿಂಹಾಸನಕ್ಕೆ ಬಂದ ಬಗೆ ನೋಡಿ. ಮನೆತನವಿಲ್ಲ, ಅಪ್ಪ ತೆರಿಗೆ ವಸೂಲಿಯವ. ನೀರೋ ಸತ್ತ ಮೇಲಿನ ಗೊಂದಲದಲ್ಲಿ ಪೂರ್ವದ ಸೇನೆ ಅವನನ್ನು ಚಕ್ರವರ್ತಿ ಎಂದು ಕೂಗಿತ್ತು. ಅವನು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಒಬ್ಬ ಕುರುಡ, ಕೈ ಬಿದ್ದುಹೋದ ಇನ್ನೊಬ್ಬ ಬಂದು ಸೆರಾಪಿಸ್ ದೇವರು ಕಳಿಸಿದ್ದಾನೆ, ಗುಣಪಡಿಸು ಎಂದು ಕಾಲಿಗೆ ಬಿದ್ದರು. ವೆಸ್ಪೇಸಿಯನ್ ಮೊದಲು ನಕ್ಕ. ಆಮೇಲೆ ವೈದ್ಯರನ್ನು ಕರೆಸಿ ಇದು ಆಗುವ ಮಾತೇ ಎಂದು ವಿಚಾರಿಸಿದ. ಅವರ ಉತ್ತರದ ತಿರುಳು: ದೃಷ್ಟಿ ಪೂರ್ತಿ ಹೋಗಿಲ್ಲ, ಕೀಲೂ ಸರಿಹೋಗಬಹುದು, ಗುಣವಾದರೆ ಕೀರ್ತಿ ನಿಮಗೆ, ಆಗದಿದ್ದರೆ ನಗೆಪಾಟಲು ಆ ಬಡಪಾಯಿಗಳಿಗೆ. ಆಮೇಲೆಯೇ ಅವನು ತುಂಬಿದ ಜನರ ನಡುವೆ ಒಬ್ಬನ ಕಣ್ಣಿಗೆ ಉಗುಳು ಹಚ್ಚಿದ, ಇನ್ನೊಬ್ಬನ ಕೈಯನ್ನು ತುಳಿದ.

ಇದನ್ನು ನಾಟಕ ಎಂದು ತಳ್ಳಿಹಾಕುವವರು ಒಂದನ್ನು ಮರೆಯುತ್ತಾರೆ. ಆ ಇಬ್ಬರೂ ಬಂದದ್ದು ಅವನ ಬಳಿಗೆ. ಸೇನೆ ಸಿಂಹಾಸನ ಕೊಡಬಲ್ಲದು, ಆದರೆ ಸೇನೆ ಕೊಟ್ಟದ್ದನ್ನು ಸೇನೆಯೇ ಕಿತ್ತುಕೊಳ್ಳಬಲ್ಲದು ಎಂದು ಆ ಒಂದೇ ವರ್ಷದಲ್ಲಿ ಮೂವರು ಚಕ್ರವರ್ತಿಗಳ ಹೆಣ ತೋರಿಸಿತ್ತು. ಅದಕ್ಕಿಂತ ಮೇಲಿನ ಒಂದು ಮುದ್ರೆ ಅವನಿಗೆ ಬೇಕಿತ್ತು.

ಹೊಸಓದುಗ:
ಹಾಗಿದ್ದರೆ 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತಮತವನ್ನು ರಾಜ್ಯಧರ್ಮ ಮಾಡಿದಾಗ ಈ ಮುದ್ರೆ ಬದಲಾಯಿತು ಎನ್ನಬಹುದೇ?

ಮಲ್ಲಿಗೆಬಳ್ಳಿ:
313ರದು ಕೇವಲ ಅನುಮತಿ: ಕ್ರೈಸ್ತರೂ ಸೇರಿ ಎಲ್ಲರೂ ತಮ್ಮ ತಮ್ಮ ಪೂಜೆ ಮಾಡಿಕೊಳ್ಳಬಹುದು ಎಂದು. ಒಂದು ನಿರ್ದಿಷ್ಟ ಕ್ರೈಸ್ತ ಪಂಥವೇ ಎಲ್ಲ ಪ್ರಜೆಗಳ ಧರ್ಮವಾಗಬೇಕು ಎಂಬ ಆಜ್ಞೆ ಬಂದದ್ದು 380ರಲ್ಲಿ, ಥಿಯೊಡೋಸಿಯಸ್ ಕಾಲದಲ್ಲಿ. ಇದನ್ನು ಬಹಳ ಜನ ಹೀಗೆಯೇ ತಪ್ಪಾಗಿ ಬರೆಯುತ್ತಾರೆ, ಮುಜುಗರ ಬೇಡ.

ನನ್ನ ಪ್ರಕಾರ ಮುದ್ರೆ ಕದಲಿದ್ದು ಅದಕ್ಕೂ ಮೊದಲು, ಅದೂ ಹಳೆಯ ದೇವರ ಕಟ್ಟಾ ಭಕ್ತನೊಬ್ಬನ ಕೈಯಲ್ಲಿ. ಕ್ರಿ.ಶ. 249ರಲ್ಲಿ ಪಟ್ಟಕ್ಕೆ ಬಂದ ಡೀಸಿಯಸ್, ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಕೊಟ್ಟು, ಕೊಟ್ಟಿದ್ದೇವೆ ಎಂದು ಪ್ರಮಾಣಪತ್ರ ಪಡೆಯಬೇಕೆಂದ. ಅಲ್ಲಿಯವರೆಗೆ ಊರಿನ ಪರವಾಗಿ ಯಾರೋ ಪೂಜೆ ಮಾಡಿದರೆ ಸಾಕಿತ್ತು. ಈಗ ಮನೆಮನೆಯ ಲೆಕ್ಕ. ಈಜಿಪ್ಟಿನ ಮರಳಿನಲ್ಲಿ ಇಂಥ ಪತ್ರಗಳು ಉಳಿದುಕೊಂಡಿವೆ. ಒಂದು 250ರ ಜೂನ್ 26ರದು. ಅಲೆಕ್ಸಾಂಡರ್ ದ್ವೀಪ ಎಂಬ ಹಳ್ಳಿಯ ಔರೇಲಿಯಸ್ ಡಯೊಜೆನೆಸ್, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ತಾನು ಯಾವಾಗಲೂ ಬಲಿ ಕೊಟ್ಟವನೇ, ಈಗಲೂ ಅಧಿಕಾರಿಗಳ ಎದುರಿಗೆ ಬಲಿ ಕೊಟ್ಟು, ನೈವೇದ್ಯ ಸುರಿದು, ಪ್ರಸಾದದ ರುಚಿ ನೋಡಿದ್ದೇನೆ, ದಯವಿಟ್ಟು ದೃಢೀಕರಿಸಿ ಎಂದು ಅರ್ಜಿ. ಕೆಳಗೆ ಸಾಕ್ಷಿಯ ರುಜು. ನಮ್ಮ ತಾಲ್ಲೂಕು ಕಚೇರಿಯ ಸರತಿಯಲ್ಲಿ ನಿಂತವರಿಗೆ ಆ ಮುದುಕನ ಬೆನ್ನು ಕಾಣಿಸುತ್ತದೆ.

ಮರುವರ್ಷವೇ ಡೀಸಿಯಸ್ ಗಾತ್ ಎಂಬ ಬುಡಕಟ್ಟಿನವರ ವಿರುದ್ಧ ಅಬ್ರಿಟಸ್‌ನ ಜೌಗಿನಲ್ಲಿ ಸತ್ತ. ಮುಂದೆ ಕ್ರೈಸ್ತರನ್ನು ಪೀಡಿಸಿದ ವಲೇರಿಯನ್ 260ರಲ್ಲಿ ಪರ್ಷಿಯಾದ ಶಾಪುರನಿಗೆ ಸೆರೆಸಿಕ್ಕ. ಅವನ ಮಗ ಗ್ಯಾಲಿಯೇನಸ್ ಅದೇ ಸುಮಾರಿಗೆ ಪೀಡನೆ ನಿಲ್ಲಿಸಿದ. ಕ್ರೈಸ್ತರು ಸುಮ್ಮನಿರುತ್ತಾರೆಯೇ? "ನೋಡಿದಿರಾ, ಯಾವ ದೇವರು ನಿಜ?" ಎಂದರು. ಗೆಲುವೇ ದೈವಬಲಕ್ಕೆ ಪುರಾವೆ ಎಂದು ಮುನ್ನೂರು ವರ್ಷ ಸಾರಿದವರ ಬಳಿ ಇದಕ್ಕೆ ಉತ್ತರವಿರಲಿಲ್ಲ.

ತಾಮ್ರಪಟ:
ಅದ್ಭುತ. ಹುಬ್ಬಿನ ಗಾಯ ನನಗೆ ಗೊತ್ತಿರಲಿಲ್ಲ.

ಆಕಾಶದ ಮಾತು ಚಕ್ರವರ್ತಿಯ ಕೈತಪ್ಪಿದರೆ ಅವನಿಗೆ ಎಂಥ ಭಯ ಎನ್ನುವುದಕ್ಕೆ ನನ್ನ ಪಾಲಿನ ಕಥೆ ಆಂಟಿಯೋಕ್‌ನದು. ಅಮ್ಮಿಯಾನಸ್ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ, ಆ ದಿನಗಳ ಭಯವನ್ನು ಅವನೂ ಉಂಡವನು. ವ್ಯಾಲೆನ್ಸ್ ಸಾಮ್ರಾಜ್ಯದ ಪೂರ್ವ ಭಾಗದ ಕ್ರೈಸ್ತ ಚಕ್ರವರ್ತಿ. 371ರ ಸುಮಾರಿಗೆ ಕೆಲವರು ಗುಟ್ಟಾಗಿ ಸೇರಿ, ವ್ಯಾಲೆನ್ಸ್ ನಂತರ ಯಾರು ಎಂದು ದೇವರನ್ನು ಕೇಳಿದರು. ಲಾರೆಲ್ ಕಡ್ಡಿಗಳಿಂದ ಹೆಣೆದ ಮುಕ್ಕಾಲಿ. ಅದರ ಮೇಲೆ ಹಲವು ಲೋಹ ಬೆರೆಸಿದ ದುಂಡನೆಯ ತಟ್ಟೆ, ಅಂಚಿನ ಸುತ್ತ ಗ್ರೀಕ್ ವರ್ಣಮಾಲೆಯ 24 ಅಕ್ಷರ. ನಾರುಬಟ್ಟೆ ಉಟ್ಟ, ನಾರಿನ ಪಾದರಕ್ಷೆ ತೊಟ್ಟ ಒಬ್ಬ ಸಣ್ಣ ದಾರಕ್ಕೆ ಉಂಗುರ ಕಟ್ಟಿ ತಟ್ಟೆಯ ಮೇಲೆ ತೂಗಿಬಿಟ್ಟ. ಉಂಗುರ ಕುಣಿದು ಕುಣಿದು ಒಂದೊಂದು ಅಕ್ಷರದ ಮೇಲೆ ನಿಲ್ಲುತ್ತಿತ್ತು. ಥೀಟಾ, ಎಪ್ಸಿಲಾನ್, ಓಮಿಕ್ರಾನ್, ಡೆಲ್ಟಾ. "ಥಿಯೊಡ್..." ಎನ್ನುವಷ್ಟರಲ್ಲಿ ಒಬ್ಬ ಕೂಗಿದ: "ಥಿಯೊಡೋರಸ್!" ಅರಮನೆಯ ಒಬ್ಬ ಒಳ್ಳೆಯ ಅಧಿಕಾರಿಯ ಹೆಸರು ಅದು. ಸಾಕು, ಮುಂದಿನ ಅಕ್ಷರ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಸುದ್ದಿ ಸೋರಿತು. ಮುಕ್ಕಾಲಿಯನ್ನೇ ನ್ಯಾಯಾಲಯಕ್ಕೆ ತಂದಿಟ್ಟರು. ಥಿಯೊಡೋರಸ್‌ನ ಪ್ರಾಣ ಹೋಯಿತು, ಅವನೊಂದಿಗೆ ಎಷ್ಟೋ ಜನರದು. ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು; ಹೆದರಿದ ಜನ ತಮ್ಮ ಗ್ರಂಥಭಂಡಾರಗಳಿಗೆ ತಾವೇ ಬೆಂಕಿ ಇಟ್ಟರು. ಆಗಸ್ಟಸ್ ಸುಟ್ಟದ್ದು ಹಕ್ಕು ಸ್ಥಾಪಿಸಲು, ವ್ಯಾಲೆನ್ಸ್ ಸುಟ್ಟದ್ದು ಹೆದರಿಕೆಗೆ. 378ರ ಆಗಸ್ಟ್ 9ರಂದು ಏಡ್ರಿಯನೋಪಲ್‌ನಲ್ಲಿ ಗಾತ್‌ಗಳು ಅವನನ್ನು ಕೊಂದರು. ಹೆಣವೂ ಸಿಗಲಿಲ್ಲ. ಮುಂದಿನ ಜನವರಿಯಲ್ಲಿ ಪೂರ್ವಕ್ಕೆ ಚಕ್ರವರ್ತಿಯಾದವನ ಹೆಸರು ಥಿಯೊಡೋಸಿಯಸ್.

ಹೊಸಓದುಗ:
ಮೈ ಜುಮ್ಮೆಂದಿತು. ಇದು ನಿಜವೇ?

ಲೆಕ್ಕದಪುಸ್ತಕ:
ವಿಚಾರಣೆ ನಿಜ, ಸಾವುಗಳು ನಿಜ. ಆ ನಾಲ್ಕು ಅಕ್ಷರ ಎಷ್ಟು ಸರಿಯಾಗಿ ಬಿದ್ದವು ಎನ್ನುವುದನ್ನು, ಥಿಯೊಡೋಸಿಯಸ್ ಪಟ್ಟಕ್ಕೆ ಬಂದ ಮೇಲೆ ಕಥೆ ಬರೆದವನನ್ನೇ ಕೇಳಬೇಕು. ಪಂಚಾಂಗ ನೋಡಿ ಮಳೆ ಹೇಳುವುದು ಬೇರೆ, ಮಳೆ ಬಂದ ಮೇಲೆ ಪಂಚಾಂಗ ತಿದ್ದುವುದು ಬೇರೆ.

ಬೆಳ್ಳಿಕಾಸು:
ಅದೇ ಜಾತಿಯ ಇನ್ನೊಂದು. ಥಿಯೊಡೋಸಿಯಸ್‌ನನ್ನು ಪಟ್ಟಕ್ಕೆ ತಂದ ಪಶ್ಚಿಮದ ಚಕ್ರವರ್ತಿ ಗ್ರೇಷಿಯನ್‌ಗೆ ಪುರೋಹಿತರು ಮಹಾ ಪುರೋಹಿತನ ನಿಲುವಂಗಿ ತಂದರು. ಅವನು ಕ್ರೈಸ್ತನಿಗೆ ಇದು ತಕ್ಕುದಲ್ಲ ಎಂದು ತಿರಸ್ಕರಿಸಿದ. ಆಗ ಒಬ್ಬ ಗೊಣಗಿದನಂತೆ: "ಇವನು ಪೊಂಟಿಫೆಕ್ಸ್ ಮ್ಯಾಕ್ಸಿಮಸ್ ಆಗದಿದ್ದರೆ, ಬೇಗನೆ ಮ್ಯಾಕ್ಸಿಮಸ್ ಪೊಂಟಿಫೆಕ್ಸ್ ಆಗುತ್ತಾನೆ." 383ರಲ್ಲಿ ಮ್ಯಾಕ್ಸಿಮಸ್ ಎಂಬ ಸೇನಾನಿ ದಂಗೆಯೆದ್ದ, ಗ್ರೇಷಿಯನ್ ಕೊಲೆಯಾದ. ಇದೂ ಘಟನೆಯ ನಂತರ ಹುಟ್ಟಿದ ಶ್ಲೇಷೆಯೇ ಇರಬೇಕು. ಆದರೆ ಟೈಬೀರಿಯಸ್‌ನ ಬೆಳ್ಳಿಯ ಮೇಲಿನ ಆ ಬಿರುದನ್ನು ಬೇಡ ಎಂದವನೂ ಒಬ್ಬ ರೋಮ್ ಚಕ್ರವರ್ತಿಯೇ ಎನ್ನುವುದು ನನ್ನಂಥವನಿಗೆ ನುಂಗಲಾರದ ತುತ್ತು.

ಮಲ್ಲಿಗೆಬಳ್ಳಿ:
ಅದೇ ಗ್ರೇಷಿಯನ್ 382ರಲ್ಲಿ ಸೆನೆಟ್ ಸಭಾಂಗಣದಿಂದ ವಿಜಯದೇವತೆಯ ಬಲಿಪೀಠ ತೆಗೆಸಿದ. ಎರಡು ವರ್ಷದ ಮೇಲೆ ನಗರಾಧ್ಯಕ್ಷ ಸಿಮ್ಮಾಕಸ್ ಅದನ್ನು ಮರಳಿ ಕೊಡಿ ಎಂದು ಹುಡುಗ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್‌ಗೆ ಮನವಿ ಬರೆದ. ಪೂಜಾರಿಗಳ ಉಂಬಳಿ ಕಿತ್ತುಕೊಂಡದ್ದರಿಂದಲೇ ಬೆಳೆ ಕೆಟ್ಟು ಕ್ಷಾಮ ಬಂತು ಎಂದ. ಅದರಲ್ಲಿ ಒಂದು ಸಾಲಿದೆ: ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ಮುಟ್ಟಲಾಗದು. ಸೋತವನ ಬಾಯಿಂದ ಬಂದ ಇಷ್ಟು ಗಂಭೀರವಾದ ಮಾತು ಆ ಕಾಲದಲ್ಲಿ ಇನ್ನೊಂದಿಲ್ಲ. ಮಿಲಾನ್‌ನ ಬಿಷಪ್ ಅಂಬ್ರೋಸ್ ಚಕ್ರವರ್ತಿಗೆ ಸೊಪ್ಪು ಹಾಕದೆ ಬರೆದ: ಬಲಿಪೀಠ ಮರಳಿದರೆ ನೀನು ಚರ್ಚಿಗೆ ಬರಬಹುದು, ಆದರೆ ಅಲ್ಲಿ ಪಾದ್ರಿ ಇರುವುದಿಲ್ಲ, ಇದ್ದರೂ ನಿನ್ನನ್ನು ತಡೆಯುವವನಾಗಿರುತ್ತಾನೆ. ಮನವಿ ಬಿದ್ದುಹೋಯಿತು.

ತಾಮ್ರಪಟ:
ನಾನು ಹೇಳುತ್ತಿದ್ದದ್ದು ಇದನ್ನೇ. 390ರಲ್ಲಿ ಥೆಸಲೊನೀಕದಲ್ಲಿ ದಂಗೆಯೆದ್ದ ಜನರನ್ನು ಥಿಯೊಡೋಸಿಯಸ್‌ನ ಸೈನಿಕರು ಸಾವಿರಗಟ್ಟಲೆ ಕೊಂದಾಗ ಅದೇ ಅಂಬ್ರೋಸ್ ಪ್ರಾಯಶ್ಚಿತ್ತವಾಗದೆ ಪೂಜೆ ನಡೆಸಲಾರೆ ಎಂದ. ಚಕ್ರವರ್ತಿ ರಾಜಚಿಹ್ನೆ ತೆಗೆದಿಟ್ಟು ಮಿಲಾನ್ ಚರ್ಚಿನಲ್ಲಿ ಎಲ್ಲರೆದುರು ಅತ್ತ. ಟೈಬೀರಿಯಸ್‌ನ ಮುಂದೆ ಯಾವ ಪುರೋಹಿತ ಹೀಗೆ ನಿಲ್ಲಬಹುದಿತ್ತು? ಪುರೋಹಿತ ಅವನೇ ಆಗಿದ್ದ.

ಲೆಕ್ಕದಪುಸ್ತಕ:
ನಿಲ್ಲಿ. ಅತ್ತ ಚಕ್ರವರ್ತಿ ಮತ್ತೂ ಬಲವಾಗಿಯೇ ಆಳಿದ. 394ರಲ್ಲಿ ಫ್ರಿಜಿಡಸ್ ನದಿಯ ಬಳಿ ಶತ್ರುವಿನ ಮುಖಕ್ಕೆ ಬಿರುಗಾಳಿ ಬೀಸಿ ಗೆದ್ದಾಗ, ಆ ಗಾಳಿ ದೇವರೇ ಕಳಿಸಿದ್ದು ಎಂದು ಬಿಷಪ್‌ಗಳೇ ಹಾಡಿ ಹೊಗಳಿದರು. ಪಶ್ಚಿಮ ಮುರಿದದ್ದು 439ರಲ್ಲಿ, ವ್ಯಾಂಡಲ್ ಬುಡಕಟ್ಟಿನವರು ಆಫ್ರಿಕದ ಕಾರ್ಥೇಜ್ ಹಿಡಿದಾಗ. ಆಫ್ರಿಕದ ಗೋಧಿ ಮತ್ತು ತೆರಿಗೆ ಹೋದ ಮೇಲೆ ಸೇನೆಗೆ ಕೊಡಲು ಹಣವೇ ಇಲ್ಲ. ಇನ್ನೊಂದು, ನಿಮ್ಮ ಸಿದ್ಧಾಂತ ನಿಜವಾದರೆ ಪೂರ್ವವೂ ಬೀಳಬೇಕಿತ್ತು. ಅಲ್ಲಿಯೂ ಬಿಷಪ್‌ಗಳಿದ್ದರು. ಪೂರ್ವದ ರಾಜಧಾನಿ ಕಾನ್‌ಸ್ಟಂಟಿನೋಪಲ್ 1453ರವರೆಗೆ ನಿಂತಿತು.

ಕಡಲತೀರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪೂರ್ವದ ಪ್ರಶ್ನೆಗೆ ತಾಮ್ರಪಟ ಅವರ ವಾದದಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಅಲ್ಲಿ ಚಕ್ರವರ್ತಿ ಮತ್ತು ಪೂರ್ವದ ಚರ್ಚಿನ ಮುಖ್ಯಸ್ಥನಾದ ಮಠಾಧಿಪತಿ ಒಂದೇ ಊರಿನಲ್ಲಿ, ಒಂದೇ ಗೋಡೆಯೊಳಗೆ. 626ರಲ್ಲಿ ಅವಾರ್ ಬುಡಕಟ್ಟಿನವರು ಮುತ್ತಿಗೆ ಹಾಕಿದಾಗ ಚಕ್ರವರ್ತಿ ಹೆರಾಕ್ಲಿಯಸ್ ದೂರದ ಯುದ್ಧದಲ್ಲಿದ್ದ. ಮಠಾಧಿಪತಿ ಸೆರ್ಗಿಯಸ್ ಪವಿತ್ರ ಚಿತ್ರ ಹಿಡಿದು ಗೋಡೆಯ ಮೇಲೆ ನಡೆದ. ಗೆದ್ದದ್ದು ಮೇರಿ ಮಾತೆ ಎಂದು ಊರೆಲ್ಲ ಹೇಳಿತು, ಆ ಪುಣ್ಯ ಸಿಂಹಾಸನದ ಲೆಕ್ಕಕ್ಕೇ ಜಮೆಯಾಯಿತು. ಪಶ್ಚಿಮದಲ್ಲಿ ಐದನೆಯ ಶತಮಾನದ ಆರಂಭದಲ್ಲೇ ಚಕ್ರವರ್ತಿ ಉತ್ತರ ಇಟಲಿಯ ರವೆನ್ನಾದ ಜೌಗಿನ ಹಿಂದೆ ಅಡಗಿದ್ದ, ರೋಮ್‌ನಲ್ಲಿ ಉಳಿದವನು ಬಿಷಪ್.

408ರ ಕಥೆ ಯಾರೂ ಹೇಳಲಿಲ್ಲವಲ್ಲ! ಗಾತ್‌ಗಳ ನಾಯಕ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿ ಊರು ಹಸಿವಿನಿಂದ ಸಾಯುತ್ತಿದ್ದಾಗ ಎಟ್ರೂರಿಯಾದ ಕೆಲವರು ಬಂದು, ನಾರ್ನಿಯಾ ಪಟ್ಟಣವನ್ನು ಸಿಡಿಲು ಕರೆದು ಉಳಿಸಿದವರು ನಾವು, ಇಲ್ಲೂ ಮಾಡುತ್ತೇವೆ ಎಂದರು. ನಗರಾಧ್ಯಕ್ಷ ಬಿಷಪ್ ಇನೊಸೆಂಟ್‌ನನ್ನು ಕೇಳಿದ. ಗಮನಿಸಿ, ಚಕ್ರವರ್ತಿಯನ್ನಲ್ಲ. ಗುಟ್ಟಾಗಿ ಮಾಡಿದರೆ ಅಡ್ಡಿಯಿಲ್ಲ ಎಂದು ಬಿಷಪ್ ಒಪ್ಪಿದನಂತೆ. ಅವರು ಆಗದು ಎಂದರು: ಸೆನೆಟ್ ಕ್ಯಾಪಿಟಲ್ ಗುಡ್ಡಕ್ಕೆ ಬಂದು ಎಲ್ಲರೆದುರು ನಡೆದರೆ ಮಾತ್ರ ಫಲ. ಯಾವ ಸೆನೆಟರನಿಗೂ ಧೈರ್ಯ ಬರಲಿಲ್ಲ. ಅವರನ್ನು ಕಳಿಸಿಕೊಟ್ಟು ಅಲಾರಿಕ್‌ಗೆ ಕಪ್ಪ ತೆತ್ತರು: 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಪು ತೊಗಲು, 3,000 ಪೌಂಡ್ ಮೆಣಸು. ಮೆಣಸು ನಮ್ಮ ಕಡಲಿನ ಕಡೆಯದೇ. ಲೋಹ ಸಾಲದೆ ವಿಗ್ರಹ ಕರಗಿಸಿದರು, ಅವುಗಳಲ್ಲಿ ಶೌರ್ಯದೇವತೆಯದೂ ಒಂದು. ಕಥೆ ಬರೆದಿಟ್ಟ ಝೋಸಿಮಸ್ ಹಳೆಯ ಧರ್ಮದವನು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ಎರಡು ವರ್ಷಗಳಲ್ಲಿ ಅಲಾರಿಕ್ ಮತ್ತೆ ಬಂದು ಊರನ್ನೇ ದೋಚಿದ.

ಲೆಕ್ಕದಪುಸ್ತಕ:
"ಚಕ್ರವರ್ತಿಯನ್ನಲ್ಲ" ಎಂಬಲ್ಲಿ ಸಿಕ್ಕಿಕೊಂಡೆ. ಅಷ್ಟನ್ನು ಒಪ್ಪುತ್ತೇನೆ. ಆಫ್ರಿಕದ ಗೋಧಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ತಾಮ್ರಪಟ:
ಗೋಧಿ ನಿಮ್ಮ ಬಳಿಯೇ ಇರಲಿ. ಬೆಳ್ಳಿಕಾಸು ಅವರೇ, ನಿಮ್ಮಲ್ಲಿ ಕಾನ್‌ಸ್ಟಂಟೈನ್ ಸತ್ತ ಮೇಲಿನ ಒಂದು ನಾಣ್ಯ ಇದೆ ಎಂದಿದ್ದಿರಿ, ಅದರ ಬಗ್ಗೆ ಹೇಳಿ.

ಬೆಳ್ಳಿಕಾಸು:
ಇದೆ. ಸಣ್ಣ ತಾಮ್ರದ್ದು, ನಮ್ಮ ಹಳೆಯ ಹತ್ತು ಪೈಸೆಗಿಂತ ಚಿಕ್ಕದು. 337ರಲ್ಲಿ ಅವನು ಸತ್ತ ಮೇಲೆ ಮಕ್ಕಳು ಅಚ್ಚು ಹಾಕಿಸಿದ್ದು. ಮುಂದುಗಡೆ ತಲೆಗೆ ಮುಸುಕು ಹೊದ್ದ ಕಾನ್‌ಸ್ಟಂಟೈನ್, "ದೈವತ್ವ ಪಡೆದ" ಎಂಬುದಕ್ಕೆ ಎರಡೇ ಅಕ್ಷರ, ಡಿ ಮತ್ತು ವಿ. ಸಾಯುವ ಮುನ್ನ ದೀಕ್ಷಾಸ್ನಾನ ಪಡೆದ ಕ್ರೈಸ್ತ, ಸತ್ತ ಮೇಲೆ ಹಳೆಯ ಲೆಕ್ಕದ ದೇವರು! ಹಿಂದುಗಡೆ ನಾಲ್ಕು ಕುದುರೆಯ ರಥದಲ್ಲಿ ಮೇಲೇರುತ್ತಿದ್ದಾನೆ. ಸೂರ್ಯನ ರಥ ಎಂದುಕೊಂಡವರಿಗೆ ಅದು ಸೂರ್ಯನ ರಥ. ಆದರೆ ಮೇಲೆ ಅಂಚಿನ ಬಳಿ ಆಕಾಶದಿಂದ ಒಂದು ಕೈ ಚಾಚಿದೆ.

ಹೊಸಓದುಗ:
ಯಾರ ಕೈ?

ಬೆಳ್ಳಿಕಾಸು:
ಅದನ್ನು ಬರೆದಿಲ್ಲ. ನನಗೆ ನಾಣ್ಯ ಸಿಕ್ಕಾಗ ಆ ಕೈ ಕಿಲುಬಿನ ಚುಕ್ಕೆಯಂತೆ ಕಂಡಿತ್ತು, ಸೂಜಿಯಲ್ಲಿ ಕೆರೆದುಬಿಡಲು ಹೊರಟಿದ್ದೆ. ಭೂತಗನ್ನಡಿ ಹಿಡಿದ ಮೇಲೆ ಬೆರಳುಗಳು ಕಂಡವು. ಚಿತ್ರ ನಾಳೆ ಬೆಳಗಿನ ಬಿಸಿಲಿನಲ್ಲಿ ತೆಗೆದು ಹಾಕುತ್ತೇನೆ. ಮತ್ತು ದಯವಿಟ್ಟು, ಮನೆಯಲ್ಲಿ ಹಳೆಯ ತಾಮ್ರದ ನಾಣ್ಯ ಇರುವವರು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.